ಘಾಟಿಲ್ಲದ ಮೆಣಸಿನಕಾಯಿ

ನಮ್ಮ ಮನೆಯ ಮಾಳಿಗೆಯ ಮೇಲೆ ನಾನು ಮೆಣಸಿನ ಹೂಗಳಿಗೆ ಮದುವೆ ಮಾಡಿಸುತ್ತೇನೆ ಎಂದು ಹೇಳಿಕೊಳ್ಳಲು ಮೊದಮೊದಲು ನಾಚಿಕೆಯಾಗುತ್ತಿತ್ತು. ಬೈಲಹೊಂಗಲದ ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡವನು, ಅರವತ್ತರ ಹತ್ತಿರ ಬಂದವನು, ಬೆಳಗಿನ ಚಹಾ ಆರಲು ಬಿಟ್ಟು, ಹಳೆಯ ಬಣ್ಣದ ಡಬ್ಬಿಗಳಲ್ಲಿ ನೆಟ್ಟ ಗಿಡಗಳ ಮುಂದೆ ಮೊಣಕಾಲೂರಿ ಕೂತಿರುತ್ತಾನೆ ಎಂದರೆ ಕೇಳಿದವರು ಏನಂದುಕೊಳ್ಳಬೇಕು? ಕೈಯಲ್ಲಿ ಕನ್ನಡಕದ ಸ್ಕ್ರೂ ಹಿಡಿಯುವ ಸಣ್ಣ ಚಿಮಟ, ಕಣ್ಣಿಗೆ ಅಂಗಡಿಯ ಭೂತಗನ್ನಡಿ. ಪಕ್ಕದ ಮನೆಯವರು ಬಹಳ ದಿನ ನಾನು ಹುಳ ಆರಿಸುತ್ತಿದ್ದೇನೆ ಎಂದು ತಿಳಿದಿದ್ದರು. ಹಾಗೆಯೇ ತಿಳಿಯಲಿ ಎಂದು ನಾನೂ ಸುಮ್ಮನಿದ್ದೆ.

ಮೆಣಸಿನ ಹೂವನ್ನು ನೀವು ಎಂದಾದರೂ ಹತ್ತಿರದಿಂದ ನೋಡಿದ್ದೀರಾ? ಯಾರೂ ನೋಡುವುದಿಲ್ಲ. ಅದನ್ನು ಯಾರೂ ಮುಡಿಯುವುದಿಲ್ಲ, ದೇವರಿಗೆ ಏರಿಸುವುದಿಲ್ಲ. ಬೆಳ್ಳಗೆ, ಸಣ್ಣಗೆ, ಮುಖ ಕೆಳಗೆ ಮಾಡಿಕೊಂಡು ಎಲೆಯ ಮರೆಯಲ್ಲಿ ನಿಂತಿರುತ್ತದೆ. ಇಷ್ಟು ಸಂಕೋಚದ ಹೂವಿನಿಂದ ಅಷ್ಟು ಖಾರ ಹೇಗೆ ಹುಟ್ಟುತ್ತದೆಯೋ ನನಗೆ ಇನ್ನೂ ಬಗೆಹರಿದಿಲ್ಲ. ಒಂದೇ ಹೂವಿನೊಳಗೆ ಗಂಡೂ ಇದೆ, ಹೆಣ್ಣೂ ಇದೆ. ಹೊರಗಿನವರ ಹಂಗಿಲ್ಲದೆ ತನ್ನ ಸಂಸಾರ ತಾನು ನಡೆಸುತ್ತದೆ. ಹೊಸ ತಳಿ ಬೇಕೆಂದರೆ ಈ ಸಂಸಾರದಲ್ಲಿ ನಾವು ತಲೆಹಾಕಬೇಕು. ಇನ್ನೇನು ಅರಳಬೇಕು ಎನ್ನುವ ಮೊಗ್ಗನ್ನು ಹಿಂದಿನ ಸಂಜೆಯೇ ಬಿಡಿಸಿ, ಒಳಗಿನ ಪರಾಗದ ಚೀಲಗಳನ್ನು ಅವು ಒಡೆಯುವ ಮೊದಲೇ ಒಂದೊಂದಾಗಿ ಕಿತ್ತು ತೆಗೆಯಬೇಕು. ನಡುವಿನ ಹೆಣ್ಣು ಕಡ್ಡಿಗೆ ಪೆಟ್ಟಾಗಬಾರದು. ಬೆಳಿಗ್ಗೆ ಬೇರೆ ಗಿಡದ ಹೂವಿನಿಂದ ಪುಡಿ ತಂದು ಅದರ ತುದಿಗೆ ಸವರಿ, ಗುರುತಿಗೆ ದಾರ ಕಟ್ಟಿ, ತೆಳ್ಳನೆಯ ಅರಿವೆ ಮುಚ್ಚಿ ಕಾಯಬೇಕು. ಬಹಳಷ್ಟು ಮೊಗ್ಗುಗಳು ಮರುದಿನವೇ ಉದುರುತ್ತವೆ. ನನ್ನ ಕೈಯಲ್ಲಿ ಉದುರಿದ ಮದುವೆಗಳ ಲೆಕ್ಕ ಇಟ್ಟಿದ್ದರೆ ಯಾರೂ ನನಗೆ ಕನ್ನಡಕ ಮಾಡಲು ಕೊಡುತ್ತಿರಲಿಲ್ಲ.

ಇದೆಲ್ಲ ಹವ್ಯಾಸಕ್ಕೆಂದು ಶುರುವಾದದ್ದಲ್ಲ. ನನ್ನ ಹೆಂಡತಿ ಗಿರಿಜೆಗೆ ಗಂಟಲಲ್ಲಿ ಗಂಟು ಬಂತು. ಊರು ಬಿಟ್ಟು ಊರಿಗೆ ಅಲೆದು, ಕರೆಂಟು ಎಂದು ನಮ್ಮ ಕಡೆ ಕರೆಯುವ ರೇಡಿಯೇಶನ್ ಕೊಡಿಸಿದೆವು, ಗಂಟು ಕರಗಿತು. ಅದರ ಜೊತೆಗೆ ಬಾಯಿಯ ಜೊಲ್ಲೂ ಬತ್ತಿ, ನಾಲಿಗೆಯ ಸಿಪ್ಪೆ ಸುಲಿದಂತಾಗಿ, ಖಾರ ಎಂಬುದು ಅವಳ ಬಾಯಿಯಿಂದ ಶಾಶ್ವತವಾಗಿ ಹೊರಗೆ ನಿಂತಿತು. ಸಾರಿನಲ್ಲಿ ಮೆಣಸಿನಕಾಯಿಯ ಒಂದು ಬೀಜ ಸೇರಿದರೂ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಬೇರೆ ಕಡೆಯಾದರೆ ಇದೇನು ಮಹಾ ಎನ್ನಬಹುದು. ನಮ್ಮ ಕಡೆ ಖಾರವೆಂದರೆ ಬರೀ ರುಚಿಯ ಹೆಸರಲ್ಲ. ಮೆಣಸಿನಕಾಯಿಯ ಪುಡಿಯೂ ಖಾರ, ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿಯೂ ಖಾರ, ಚಹಾದ ಜೊತೆ ತಿನ್ನುವ ಚೂಡಾವೂ ಖಾರ. ಮನೆಗೆ ಬಂದವರು "ಏನೂ ಬ್ಯಾಡ್ರಿ, ರೊಟ್ಟಿ ಖಾರ ಇದ್ರ ಸಾಕು" ಎಂದರೆ ಅದು ಊಟ ಬಡಿಸಿರಿ ಎಂಬುದರ ಮರ್ಯಾದೆಯ ರೂಪ. ಖಾರ ತಿನ್ನದವಳು ಊಟವನ್ನೇ ಬಿಟ್ಟಂತೆ. ಗಿರಿಜೆ ನಮ್ಮ ಪಂಕ್ತಿಯಿಂದ ಎದ್ದು ಹೋದಳು. ನಾವು ಉಂಡ ಮೇಲೆ ಹಿತ್ತಲ ಬಾಗಿಲ ಹತ್ತಿರ ಒಬ್ಬಳೇ ಕೂತು ಹಾಲಿನಲ್ಲಿ ರೊಟ್ಟಿ ಮುರಿದು ಹಾಕಿಕೊಂಡು, ಅರ್ಧ ಉಂಡು ಅರ್ಧ ಬಿಡುತ್ತಿದ್ದಳು. ಕರೆದರೆ, "ನಿಮ್ಮ ಗಂಗಾಳದ ವಾಸನಿ ಬಂದ್ರ ನನಗ ಆಸಿ ಆಗತೈತ್ರಿ, ತಿಂದ್ರ ಉರಿ ಆಗತೈತಿ. ದೂರ ಇರೂದ ಚೊಲೋ" ಎನ್ನುತ್ತಿದ್ದಳು. ದಿನದಿಂದ ದಿನಕ್ಕೆ ಬಳೆ ಸಡಿಲವಾಗುತ್ತ ಬಂದವು. ರೋಗ ಹೋದರೂ ಹಸಿವು ತಿರುಗಿ ಬರಲಿಲ್ಲ. ಹೀಗೇ ಸೊರಗಿ ಅವಳು ನಮ್ಮ ಕೈ ತಪ್ಪಿ ಹೋಗುತ್ತಾಳೆಂಬ ಭಯ ನನಗಿತ್ತು, ಅವ್ವನಿಗೂ ಇತ್ತು. ನಾವಿಬ್ಬರೂ ಅದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ.

ಅವ್ವನ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಅಂಗಡಿಯಲ್ಲಿ ನಾನು ದೃಷ್ಟಿ ಪರೀಕ್ಷೆ ಮಾಡುತ್ತೇನೆ. ಮನೆಯಲ್ಲಿ ಅವ್ವ ದೃಷ್ಟಿ ತೆಗೆಯುತ್ತಾಳೆ. ಇಬ್ಬರ ಕಸುಬೂ ಒಂದೇ ಶಬ್ದದ ಮೇಲೆ ನಿಂತಿದೆ. ಗಿರಾಕಿ ಹೆಚ್ಚು ಅವಳಿಗೇ. ಓಣಿಯ ಕೂಸುಗಳು ಅತ್ತರೆ, ಎಮ್ಮೆ ಹಾಲು ಕೊಡದಿದ್ದರೆ ಅವಳಿಗೇ ಕರೆ ಬರುತ್ತದೆ. ಒಣಮೆಣಸಿನಕಾಯಿ, ಉಪ್ಪು, ಸಾಸಿವೆ ಮುಷ್ಟಿಯಲ್ಲಿ ಹಿಡಿದು, ಮೂರು ಸಲ ಇಳಿಸಿ ಬಚ್ಚಲ ಒಲೆಯ ಕೆಂಡಕ್ಕೆ ಹಾಕುತ್ತಾಳೆ. ಆಮೇಲೆ ಎಲ್ಲರೂ ಮೂಗು ಅರಳಿಸಿಕೊಂಡು ಕಾಯಬೇಕು. ಮೆಣಸಿನಕಾಯಿ ಸುಟ್ಟು ಘಾಟು ಎದ್ದು ಮನೆಮಂದಿಯೆಲ್ಲ ಕೆಮ್ಮಿದರೆ ದೃಷ್ಟಿ ಆಗಿರಲಿಲ್ಲ ಎಂದರ್ಥ. ಘಾಟು ಬರದಿದ್ದರೆ ದೃಷ್ಟಿ ಆಗಿತ್ತು, ಈಗ ಸುಟ್ಟುಹೋಯಿತು. ಈ ಶಾಸ್ತ್ರದಲ್ಲಿ ಅವ್ವ ಬಲು ಕಟ್ಟುನಿಟ್ಟು. ಘಾಟು ಬಂದ ಮನೆಯವರಿಗೆ ಸುಳ್ಳು ಸಮಾಧಾನ ಹೇಳಿದವಳಲ್ಲ; "ಇದು ದೃಷ್ಟಿ ಅಲ್ಲ, ದವಾಖಾನಿಗೆ ಒಯ್ರಿ" ಎಂದು ನೇರವಾಗಿ ಹೇಳಿಬಿಡುತ್ತಾಳೆ.

ಗಿರಿಜೆಯ ರೋಗ ಗೊತ್ತಾದ ವಾರದಲ್ಲಿ ಅವಳಿಗೂ ದೃಷ್ಟಿ ತೆಗೆದಳು. ಅಂದು ಎದ್ದ ಘಾಟನ್ನು ನಾನು ಮರೆಯಲಾರೆ. ಪಡಸಾಲೆಯ ತನಕ ಬಂದು ಎಲ್ಲರನ್ನೂ ಕೆಮ್ಮಿಸಿತು. ಅವ್ವ ಒಲೆಯ ಮುಂದೆ ಕೂತವಳು ಏಳಲೇ ಇಲ್ಲ. ಗಿರಿಜೆಯೇ ಹೋಗಿ ಅವಳ ತೋಳು ಹಿಡಿದು ಎಬ್ಬಿಸುತ್ತ, "ದೃಷ್ಟಿ ಆಗಿದ್ರ ಚೊಲೋ ಇತ್ತರಿ ಅತ್ತಿ. ಸುಟ್ಟ ಹೋಗತಿತ್ತು" ಎಂದಳು. ಅವ್ವ ಕೆಂಡದ ಮೇಲೆ ಒಂದು ತಂಬಿಗೆ ನೀರು ಸುರಿದಳು.

ಖಾರವಿಲ್ಲದ, ಆದರೆ ನಮ್ಮ ಕೆಂಪು ಮೆಣಸಿನಕಾಯಿಯದೇ ಬಣ್ಣ, ಅದೇ ವಾಸನೆ, ಅದೇ ಸುಕ್ಕು ಇರುವ ಕಾಯಿ ಬೆಳೆದರೆ ಹೇಗೆ ಎಂಬ ಯೋಚನೆ ನನಗೆ ಬಂದದ್ದು ಆಮೇಲೆ. ಮೊಬೈಲಿನಲ್ಲಿ ಯಾರೋ ಹೂವಿಗೆ ಹೂವು ಕೂಡಿಸುವುದನ್ನು ನೋಡಿ ಧೈರ್ಯ ಬಂತು. ಒಂದು ಕಡೆಗೆ ಅವ್ವನ ತವರು ಹೂಲಿಯ ಹಿತ್ತಲಿನಿಂದ ತಂದ ಮೆಣಸಿನಕಾಯಿ. ಇನ್ನೊಂದು ಕಡೆಗೆ ಸಂತೆಯಲ್ಲಿ ಸಿಗುವ ಡಬ್ಬು ಮೆಣಸಿನಕಾಯಿ. ಬೋಂಡಾ, ಪಲ್ಯಕ್ಕೆ ಬಳಸುವ ಆ ಹಸಿರು ಬುಡ್ಡನಿಗೆ ಖಾರವೆಂಬುದೇ ಗೊತ್ತಿಲ್ಲ. ಅವ್ವ ಮಾಳಿಗೆಗೆ ಬಂದು ನೋಡಿ, "ಅಲ್ಲೋ ತಮ್ಮಾ, ಖಾರ ಇಲ್ಲದ ಮೆಣಸಿನಕಾಯಿ ಮಾಡಾಕ ಇಷ್ಟ ಒದ್ದಾಟ ಯಾಕ? ಟೊಮ್ಯಾಟಿ ಅದಾವಲ್ಲ" ಎಂದಳು. ಹೂಲಿಯ ಕಾಯಿಗೆ ಡಬ್ಬುವಿನ ಸಂಬಂಧ ಮಾಡಿದ್ದು ಅವಳಿಗೆ ತನ್ನ ತವರಿಗೇ ಕುಂದು ತಂದಂತೆ ಕಂಡಿತ್ತು.

ಅವಳನ್ನು ಒಪ್ಪಿಸಲು ನಾನು ಪಾಂಡಿತ್ಯ ತೆಗೆದೆ. ಮೆಣಸಿನಕಾಯಿ ನಮ್ಮ ಮಣ್ಣಿನದೇ ಅಲ್ಲ, ಹಡಗಿನಲ್ಲಿ ಸಮುದ್ರ ದಾಟಿ ಬಂದದ್ದು. ಅದಕ್ಕಿಂತ ಮೊದಲು ನಮ್ಮವರಿಗಿದ್ದದ್ದು ಕಾಳುಮೆಣಸು. ಹೊಸದಾಗಿ ಬಂದ ಕಾಯಿಗೆ ಹಳೆಯದರ ಹೆಸರನ್ನೇ ಹಚ್ಚಿ ಮೆಣಸಿನಕಾಯಿ ಎಂದರು. ಹೂಲಿಯ ಹಳೆಯ ಗುಡಿಗಳನ್ನು ಕಟ್ಟಿದ ಶಿಲ್ಪಿಗಳು ಇದನ್ನು ಕಣ್ಣಿನಿಂದ ಕೂಡ ನೋಡಿರಲಿಲ್ಲ. ಕೆಂಪು ಖಾರವಿಲ್ಲದೆ ಉಂಡೇ ಅಂಥ ಕಂಬಗಳನ್ನು ಕಡೆದರು ಎಂದೆ. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ಅದಕ್ಕ ಅರ್ಧಾ ಗುಡಿ ಬಿದ್ದಾವು" ಎಂದು ಕೆಳಗಿಳಿದು ಹೋದಳು.

ಮೊದಲ ಬೆಳೆಯಲ್ಲಿ ನಾನು ಸೋತೆ. ಕೂಡಿಸಿದ ಕಾಯಿಯ ಬೀಜದಿಂದ ಎದ್ದ ಗಿಡಗಳೆಲ್ಲ ಒಡಹುಟ್ಟಿದವರಂತೆ ಒಂದೇ ಥರ, ಎಲ್ಲವೂ ಉರಿ ಉರಿ. ಒಂದಾದರೂ ಸಪ್ಪಗಿದ್ದೀತೆಂದು ಎಲ್ಲ ಗಿಡದ ಕಾಯಿ ಕಚ್ಚಿ ನೋಡಿ, ಕೆಂಪು ಮೂಗು, ನೀರು ತುಂಬಿದ ಕಣ್ಣು ಹೊತ್ತು ಅಂಗಡಿಗೆ ಹೋದರೆ, ಕನ್ನಡಕಕ್ಕೆ ಬಂದ ಗಿರಾಕಿಯೊಬ್ಬರು "ಮನ್ಯಾಗ ಎಲ್ಲಾರೂ ಚೊಲೋ ಅದಾರೇನ್ರಿ?" ಎಂದು ತಗ್ಗಿದ ದನಿಯಲ್ಲಿ ಕೇಳಿದರು.  ಕಣ್ಣೀರು ಮೆಣಸಿನಕಾಯಿಯದು ಎಂದು ಹೇಳಲು ಹೋದವನಿಗೆ, ಅದಷ್ಟೇ ಅಲ್ಲ ಎನ್ನುವುದು ನನಗೇ ತಿಳಿಯಿತು.

ಆಮೇಲೆ ಓದಿ ತಿಳಿದುಕೊಂಡೆ. ಖಾರ ಮುಂದೆ ನಿಂತರೆ ಸಪ್ಪೆ ಹಿಂದೆ ಅಡಗುತ್ತದೆಯಂತೆ. ಸತ್ತುಹೋಗುವುದಿಲ್ಲ, ಒಂದು ತಲೆಮಾರು ಕಾಯ್ದು ಮೊಮ್ಮಕ್ಕಳಲ್ಲಿ ಅಲ್ಲೊಂದು ಇಲ್ಲೊಂದು ಹೊರಗೆ ಬರುತ್ತದೆ. ಇದನ್ನು ಗಿರಿಜೆಗೆ ವಿವರಿಸಿದೆ: ನಮ್ಮಜ್ಜ ಸಪ್ಪನೆಯ ಮನುಷ್ಯ, ಅವ್ವ ಬೆಂಕಿ, ನಾನು ಮತ್ತೆ ಸಪ್ಪೆ. "ಹಂಗಾರ ನಿಮ್ಮ ಬೀಜಾ ಜ್ವಾಕಿಲೆ ಕಾದಿಡಬೇಕ್ರಿ" ಎಂದು ಅವಳು ನಕ್ಕಳು. ಎಷ್ಟೋ ತಿಂಗಳ ಮೇಲೆ ಕೇಳಿದ ನಗು. ಆ ನಗುವಿಗಾಗಿ ಇನ್ನೊಂದು ಬೆಳೆ ಕಾಯಲು ನಾನು ತಯಾರಾದೆ.

ಎರಡನೆಯ ಬೆಳೆಯ ಗಿಡಗಳು ಒಂದರ ಹಾಗೆ ಒಂದು ಇರಲಿಲ್ಲ. ಉದ್ದನ್ನವು, ಗಿಡ್ಡನ್ನವು, ಬುಡ್ಡನಂತೆ ಉಬ್ಬಿದವು. ಮೂಲೆಯ ಡಬ್ಬಿಯ ಗಿಡವೊಂದು ಹೂಲಿಯ ಕಾಯಿಯನ್ನೇ ಹೋಲುವ, ಉದ್ದನೆಯ, ಸುಕ್ಕುಸುಕ್ಕಾದ ಕಡುಗೆಂಪು ಹಣ್ಣು ಬಿಟ್ಟಿತು. ಹೆದರುತ್ತ ಕಚ್ಚಿದೆ. ನಾಲಿಗೆ ಉರಿಯಲಿಲ್ಲ. ಬೀಜ ಅಗಿದೆ, ಉರಿಯಲಿಲ್ಲ. ವಾಸನೆ ಮಾತ್ರ ಮೂಗು ತುಂಬ ಇತ್ತು. ಅಲ್ಲೇ ಕೂತು ಅತ್ತೆ. ಈ ಸಲ ಮೆಣಸಿನಕಾಯಿಯ ನೆಪ ಇರಲಿಲ್ಲ.

ಆ ಗಿಡಕ್ಕೆ ಕೆಂಪು ದಾರ ಕಟ್ಟಿ, ಪಕ್ಕದ ಖಾರದ ಹೂವಿನ ಪುಡಿ ತಾಗದಂತೆ ಅರಿವೆ ಹೊದಿಸಿ, ಅದರ ಬೀಜದಿಂದಲೇ ಮತ್ತೆ ಗಿಡ ಎಬ್ಬಿಸಿದೆ. ಎಲ್ಲವೂ ಸಪ್ಪಗೇ ಬಂದವು. ಅವ್ವ ಹಣ್ಣುಗಾಯಿ ಕುಟ್ಟಿ, ಬೆಳ್ಳುಳ್ಳಿ, ಮೆಂತ್ಯ, ಲಿಂಬೆರಸ ಹಾಕಿ ರಂಜಕ ಮಾಡಿಕೊಟ್ಟಳು. ಗಿರಿಜೆ ಬೆರಳ ತುದಿಗೆ ಹಚ್ಚಿ ನೆಕ್ಕಿ ಕಣ್ಣು ಮುಚ್ಚಿಕೊಂಡಳು. "ನೆನಪ ಬಂತು" ಎಂದಳು, ಅಷ್ಟೇ. ಆದರೂ ಪಂಕ್ತಿಗೆ ಬರಲಿಲ್ಲ. ಒಬ್ಬಳೇ ಉಣ್ಣುವ ರೂಢಿ ಅಷ್ಟರಲ್ಲಿ ಗಟ್ಟಿಯಾಗಿಬಿಟ್ಟಿತ್ತು. ಉಳಿದ ಕಾಯಿಗಳನ್ನು ಒಣಗಿಸಿ, ಬೇರೆ ಬುಟ್ಟಿಯಲ್ಲಿ ಹಾಕಿ, ಅದಕ್ಕೂ ಕೆಂಪು ದಾರ ಕಟ್ಟಿ ಅಟ್ಟಣಿಗೆಯ ಮೇಲಿಟ್ಟೆ. ಖಾರದ ಕಾಯಿಯ ಪಕ್ಕದಲ್ಲಿಟ್ಟರೆ ನನಗೇ ಗುರುತು ಸಿಗದಷ್ಟು ಎರಡೂ ಒಂದೇ ಥರ ಇದ್ದವು.

ಹೋದ ದೀಪಾವಳಿಯ ನಂತರ ಗಿರಿಜೆಯ ಗಂಟಲನ್ನು ಮತ್ತೆ ತಪಾಸಣೆ ಮಾಡಿಸುವುದಿತ್ತು. ಆ ದಿನ ಹತ್ತಿರ ಬಂದಂತೆ ಅವಳು ಹಾಲುರೊಟ್ಟಿಯನ್ನೂ ಬಿಟ್ಟಳು. "ಮತ್ತ ಬಂದಿದ್ರ ನನಗ ಗೊತ್ತಾಗೂದ ಬ್ಯಾಡ್ರಿ" ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ನಾನು ಹೇಳಿದ ಧೈರ್ಯದ ಮಾತುಗಳು ಕನ್ನಡಕದ ಅಂಗಡಿಯ ಮಾತುಗಳಂತೆಯೇ ಇದ್ದವು, ಗಿರಾಕಿಗೆ ಹೇಳುವಂಥವು. ಹೊರಡುವ ಮುನ್ನಾದಿನ ದೀಪ ಹಚ್ಚುವ ಹೊತ್ತಿಗೆ ಅವ್ವ ಮುಷ್ಟಿ ಬಿಗಿಹಿಡಿದು ಕೋಣೆಗೆ ಬಂದು, "ಏಳವಾ ಗಿರಿಜವ್ವ, ದೃಷ್ಟಿ ತಗೀತೇನಿ" ಎಂದಳು.

ಬೇಡ ಎನ್ನಬೇಕೆಂದಿದ್ದೆ. ಹಿಂದಿನ ಸಲದ ಘಾಟು ನನ್ನ ಮೂಗಿನಲ್ಲಿ ಇನ್ನೂ ಇತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಇಳಿಸಿ ಮುಗಿಸಿ, ಬಚ್ಚಲ ಒಲೆಯ ಕೆಂಡಕ್ಕೆ ಹಾಕಿಯಾಗಿತ್ತು. ಮೂವರೂ ಕಾಯ್ದೆವು. ಸಾಸಿವೆ ಚಟಪಟ ಅಂದಿತು. ಹೊಗೆ ಬಂತು. ಘಾಟು ಬರಲಿಲ್ಲ. ಯಾರೂ ಕೆಮ್ಮಲಿಲ್ಲ.

"ನೋಡವಾ" ಎಂದಳು ಅವ್ವ, ಕೆಂಡದ ಮೇಲಿನ ಕಣ್ಣು ಕೀಳದೆ. "ಘಾಟ ಬರಲಿಲ್ಲ. ಎಂಥಾ ಕಣ್ಣ ಬಿದ್ದಿತ್ತೋ ಏನೋ. ಸುಟ್ಟ ಹೋತು. ಏಳು, ಉಣ್ಣು ಬಾ."

ನನಗೆ ತಕ್ಷಣ ಹೊಳೆಯಿತು. ನಾನು ಮಾಡಿಕೊಟ್ಟ ಕನ್ನಡಕವನ್ನು ಅವ್ವ ಹಬ್ಬಕ್ಕಷ್ಟೇ ಹಾಕಿಕೊಳ್ಳುವವಳು. ಬರಿಗಣ್ಣಿನಲ್ಲಿ ಅಟ್ಟಣಿಗೆಗೆ ಕೈಹಾಕಿ ಸಪ್ಪನೆಯ ಬುಟ್ಟಿಯಿಂದ ತೆಗೆದುಕೊಂಡಿದ್ದಾಳೆ. ಕಣ್ಣಿನ ವಿಷಯದಲ್ಲಿ ನಿಜ ಹೇಳುವುದು ನನ್ನ ಕಸುಬು. ಆದರೆ ಗಿರಿಜೆ ನನ್ನ ಕಡೆ ನೋಡಿ, ಬೇಡವೆಂದು ಮೆಲ್ಲಗೆ ತಲೆಯಾಡಿಸಿದಳು. ಆಮೇಲೆ ಎದ್ದು ಹೋಗಿ, ಅವ್ವನ ಪಕ್ಕದಲ್ಲಿ ಚಾಪೆಯ ಮೇಲೆ ಕೂತು, ಸಪ್ಪನೆಯ ರಂಜಕ ಹಚ್ಚಿಸಿಕೊಂಡು, ಹಾಲಿನಲ್ಲಿ ನೆನೆದ ರೊಟ್ಟಿ ಪೂರ್ತಿ ಉಂಡಳು. ಎಷ್ಟೋ ಕಾಲದ ಮೇಲೆ ನಮ್ಮ ಮನೆಯಲ್ಲಿ ಮೂರು ಗಂಗಾಳ ಒಂದೇ ಸಾಲಿನಲ್ಲಿ ಇದ್ದವು. 

ಹೊರಗೆ ನಳದ ಹತ್ತಿರ ಕೈತೊಳೆಯುವಾಗ ಗಿರಿಜೆ ಹೇಳಿದಳು: "ಅವು ನಿಮ್ಮ ಸಪ್ಪನ ಕಾಯಿ ಅಂತ ಅತ್ತಿಗೆ ಹೇಳಬ್ಯಾಡ್ರಿ. ದೃಷ್ಟಿ ಹೋತು ಅಂತ ತಿಳಕೊಂಡಾರ. ತಿಳಕೊಳ್ಳಲಿ. ನಾ ಉಣ್ಣಲಿಲ್ಲ ಅಂದ್ರ ಅವರೂ ಉಣ್ಣಾಕತ್ತಿಲ್ಲ, ನೋಡೀರಿಲ್ಲೋ?" ನಾನು ನೋಡಿರಲಿಲ್ಲ. ಊರಿಗೆಲ್ಲ ಕಣ್ಣು ಪರೀಕ್ಷೆ ಮಾಡುವವನು ಮನೆಯಲ್ಲಿ ಇಷ್ಟನ್ನೂ ಕಂಡಿರಲಿಲ್ಲ.

ಮರುದಿನ ಡಾಕ್ಟರು ಕೊಳವೆ ಹಾಕಿ ನೋಡಿ, ಸದ್ಯಕ್ಕೆ ಎಲ್ಲ ಸರಿ ಇದೆ, ಮತ್ತೆ ಬಂದು ತೋರಿಸಿರಿ ಎಂದರು. ಸದ್ಯಕ್ಕೆ ಎಂಬ ಆ ಮಾತು ನಮ್ಮ ಕಾಯಿಯ ಹಾಗೆ ಅತ್ತ ಖಾರವೂ ಅಲ್ಲ, ಇತ್ತ ಸಿಹಿಯೂ ಅಲ್ಲ. ಆದರೂ ಅದನ್ನು ಹಿಡಿದುಕೊಂಡು ಬಸ್ಸಿನಲ್ಲಿ ಹಗುರಾಗಿ ಮನೆಗೆ ಬಂದೆವು. ಅಂದಿನಿಂದ ಗಿರಿಜೆ ಪಂಕ್ತಿ ಬಿಟ್ಟು ಉಂಡಿಲ್ಲ. ಬಳೆ ಮತ್ತೆ ಕೈಗೆ ಸರಿಹೊಂದಿವೆ. ಗಿರಿಜೆ ಕೇಳಿಕೊಂಡಂತೆ ನಾನೂ ಅವ್ವನಿಗೆ ಏನೂ ಹೇಳಲಿಲ್ಲ. ಜೀವನವಿಡೀ ದೃಷ್ಟಿಯ ವಿಷಯದಲ್ಲಿ ಸುಳ್ಳಾಡದವಳು, ತಪ್ಪಿ ಆಡಿದ ಒಂದು ಸುಳ್ಳನ್ನು ಅರಿಯದೆ ಇರಲಿ ಎಂದುಕೊಂಡೆ.

ಈ ಮುಂಗಾರಿನಲ್ಲಿ ಮಾಳಿಗೆಯ ಮೇಲೆ ಹೊಸ ಸಸಿಗೆ ಮಣ್ಣು ತುಂಬುತ್ತಿದ್ದೆ. ಕೆಳಗೆ ಗಿರಿಜೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಅವ್ವ ಮೆಟ್ಟಿಲು ಹತ್ತಿ ಬಂದು, ಬೀಜದ ಬಟ್ಟಲುಗಳ ಮುಂದೆ ಕೂತಳು. ಹಬ್ಬವಲ್ಲದಿದ್ದರೂ ಮೂಗಿನ ಮೇಲೆ ಕನ್ನಡಕ ಇತ್ತು. ಎರಡೂ ಬಟ್ಟಲು ನೋಡಿ, ಕೆಂಪು ದಾರ ಕಟ್ಟಿದ್ದನ್ನು ನನ್ನ ಕಡೆ ಸರಿಸಿದಳು.

"ಇವನ್ನ ಒಂದೆರಡ ಡಬ್ಬಿ ಹೆಚ್ಚಿಗಿ ಹಚ್ಚು, ತಮ್ಮಾ."

"ಯಾಕ ಬೇ ಯವ್ವಾ, ಇಷ್ಟ ಸಾಕಾಗತಾವಲ್ಲ?"

ಅವ್ವ ಮೆಟ್ಟಿಲ ಕಡೆ ಒಮ್ಮೆ ತಿರುಗಿ ನೋಡಿ, ದನಿ ತಗ್ಗಿಸಿದಳು.

"ಸಾಲೂದಿಲ್ಲ. ಊಟಕ್ಕೂ ಬೇಕು, ದೃಷ್ಟಿಗೂ ಬೇಕು."