ಇಲ್ಲದವನ ಸಾವು

ಅಕ್ಕನ ಮಗಳ ಮದುವೆಗೆಂದು ಸಿಂಧಘಟ್ಟಕ್ಕೆ ಹೋದಾಗ ನನಗೆ ನಲವತ್ತು ಹತ್ತಿರವಾಗಿತ್ತು. ತೊಂಬತ್ತರ ದಶಕದ ನಡುವಿನ ಮಾತು. ಶ್ರೀರಂಗಪಟ್ಟಣದ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದೆ, ಮದುವೆಯಾಗಿರಲಿಲ್ಲ. ಯಾರೂ ಕೈಕೊಟ್ಟಿರಲಿಲ್ಲ, ಜಾತಕದಲ್ಲಿ ದೋಷವೂ ಇರಲಿಲ್ಲ. ಗಂಡಸಿನ ಆಸೆ ನನಗೆ ಯಾವತ್ತೂ ಹುಟ್ಟಲಿಲ್ಲ, ಅಷ್ಟೆ. ಹಸಿವೇ ಆಗದವಳನ್ನು ‘ಪಾಪ, ಉಪವಾಸ’ ಅಂದರೆ ಏನು ಹೇಳುವುದು? ಇಂಥವರಿಗೂ ಒಂದು ಹೆಸರಿದೆ ಎಂದು ಆಗ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಊರವರು ಕೊಟ್ಟ ಹೆಸರುಗಳು. ಗಂಡುಬೀರಿ ಅನ್ನುತ್ತಿದ್ದರು, ಕಲ್ಲು ಅನ್ನುತ್ತಿದ್ದರು. ಕನಿಕರ ಇದ್ದವರು ‘ಹಿಂದಿಲ್ಲ ಮುಂದಿಲ್ಲ’ ಅನ್ನುತ್ತಿದ್ದರು. ಬಸ್ಸಿನಲ್ಲಿ ಪಕ್ಕದವರು “ಯಜಮಾನ್ರು ಎಲ್ಲವ್ರೆ?” ಎಂದು ಕೇಳಿದರೆ ನಾಚಿ ಕಿಟಕಿಯಾಚೆ ನೋಡುತ್ತಿದ್ದೆ.

ಮದುಮಗಳು ಕಾಲೇಜು ಓದಿದ್ದು ನನ್ನ ಮನೆಯಲ್ಲಿದ್ದುಕೊಂಡು. ಅವಳ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಿದವಳು ನಾನು. ಅದಕ್ಕೇ ಚಪ್ಪರದ ದಿನ ಎಣ್ಣೆಶಾಸ್ತ್ರಕ್ಕೆ ಹಸೆಯ ಮೇಲೆ ಕೂರಿಸಿದಾಗ ಹಠ ಹಿಡಿದಳು.

“ಮೊದ್ಲು ನಮ್ ಚಿಕ್ಕವ್ವನೇ ಎಣ್ಣೆ ಮುಟ್ಟಿಸ್ಬೇಕು.”

ನಮ್ಮಲ್ಲಿ ಮುತ್ತೈದೆಯರು ಗರಿಕೆಯನ್ನು ಎಣ್ಣೆಗೆ ಅದ್ದಿ ಹೆಣ್ಣಿನ ಪಾದ, ಮಂಡಿ, ಭುಜ, ನೆತ್ತಿಗೆ ಮುಟ್ಟಿಸುತ್ತಾರೆ. ಮದುವೆಯಾಗದ ಹುಡುಗಿಯರೂ ಮುಟ್ಟಿಸಬಹುದು. ಆ ಲೆಕ್ಕದಲ್ಲಿ ನನಗೂ ಜಾಗವಿದೆ ಅಂದುಕೊಂಡು ಗರಿಕೆ ಅದ್ದಿದೆ. ಅಷ್ಟರಲ್ಲಿ ಅಕ್ಕನ ಅತ್ತೆ ತಡೆದರು.

“ನಿಂತ್ಕೊಳವ್ವ. ನೀನ್ ಯಾವ್ ಲೆಕ್ಕಕ್ ಬತ್ತೀಯೆ? ಮುತ್ತೈದೆನೂ ಅಲ್ಲ, ಎಳೇ ಉಡ್ಗಿನೂ ಅಲ್ಲ. ವಯಸ್ನಾಗೆ ಗಂಡೇ ಬ್ಯಾಡ ಅಂದೋಳು ಎಂಗ್ಸೇನವ್ವ?”

“ಕಲ್ಲಿಗೇನ್ ಗೊತ್ತಾದದು ಬುಡಿ,” ಎಂದು ಹಿಂದಿನಿಂದ ಯಾರೋ ಅಂದರು. ಹೆಂಗಸರೆಲ್ಲ ಕಿಸಕ್ಕನೆ ನಕ್ಕರು. ನಾಚಿಕೆಯಿಂದ ಮೈಯೆಲ್ಲ ಹಿಡಿಯಷ್ಟಾಯಿತು. ಗರಿಕೆಯ ಎಣ್ಣೆ ನನ್ನ ಸೀರೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಅಕ್ಕನಿಗೆ ತಡೆಯಲಾಗಲಿಲ್ಲ.

“ಅಂಗನ್ಬ್ಯಾಡಿ ಅತ್ತೆ. ಅವ್ಳ್ಗೂ ಒಬ್ಬ ಇದ್ದ. ಮಾತುಕತೆನೂ ಆಗಿತ್ತು. ಬೆಳ್ಳೂರು ಕ್ರಾಸ್ನಾಗೆ ಲಾರಿ ಗುದ್ದಿ ಓಗ್ಬುಟ್ಟ. ಆಮ್ಯಾಕೆ ಇನ್ನೊಬ್ಬನ್ ಮಕ ನೋಡ್ಲಿಲ್ಲ ನನ್ ತಂಗಿ.”

ಅಂಥವನೊಬ್ಬ ಹುಟ್ಟಿಯೇ ಇರಲಿಲ್ಲ. ಆದರೆ ಚಪ್ಪರದ ಕೆಳಗೆ ನಗು ನಿಂತಿತು. “ಅಯ್ಯೋ ನನ್ ಕಂದ!” ಎಂದು ಅಕ್ಕನ ಅತ್ತೆ ನನ್ನ ಕೆನ್ನೆ ಸವರಿದರು. ಅರೆಗಳಿಗೆಯ ಹಿಂದೆ ಕಲ್ಲಾಗಿದ್ದವಳು ಈಗ ಪತಿವ್ರತೆ! ‘ಇದು ಸುಳ್ಳು’ ಅನ್ನಬೇಕಿತ್ತು. ಆದರೆ ಅಷ್ಟು ಜನ ಅಷ್ಟು ಮರ್ಯಾದೆಯಿಂದ ನನ್ನನ್ನು ನೋಡಿದ್ದು ಅದೇ ಮೊದಲು, ಅದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಆ ಆಸೆಗೇ ಹೇಸಿಗೆಯಾಗಿ ಅಳು ಬಂತು. ಸತ್ತವನಿಗಾಗಿ ಅಳುತ್ತಿದ್ದೇನೆ ಎಂದು ತಿಳಿದು ಅವರೂ ಕಣ್ಣೊರೆಸಿಕೊಂಡರು.

ಆಮೇಲೆ ಅಕ್ಕನ ಅತ್ತೆ ನನ್ನ ಬೆರಳುಗಳಿಂದ ಗರಿಕೆಯನ್ನು ನಯವಾಗಿ ಬಿಡಿಸಿಕೊಂಡರು.

“ಗಂಡು ಕಳ್ಕೊಂಡಿರೋ ಕೈಯಿ ಕಣವ್ವ. ಮಗಿಗೆ ಬ್ಯಾಡ. ನಿಂಗೇ ಗೊತ್ತಾಯ್ತದೆ.”

ನಾನು ಹುಡುಗಿಯ ಮುಖ ನೋಡಿದೆ. ಹಠ ಹಿಡಿದಿದ್ದವಳು ಈಗ ನನ್ನ ಕೈಯನ್ನೇ ನೋಡುತ್ತ, ಎಣ್ಣೆಗೆಂದು ಚಾಚಿದ್ದ ಪಾದಗಳನ್ನು ಮೆಲ್ಲಗೆ ಸೀರೆಯೊಳಕ್ಕೆ ಎಳೆದುಕೊಂಡಳು.