ಕೆನ್ನೆಯೊಳಗಿನ ರೊಟ್ಟಿ

ಕುಷ್ಟಗಿಯ ಕಾಲೇಜೊಂದರಲ್ಲಿ ನಾನು ಜೀವಶಾಸ್ತ್ರ ಕಲಿಸುತ್ತೇನೆ. ಅಂದು ಕೆನ್ನೆಯ ಒಳಮೈಯನ್ನು ಕಡ್ಡಿಯಿಂದ ಮೆಲ್ಲಗೆ ಕೆರೆದು, ಸಿಕ್ಕ ಜೀವಕೋಶಗಳಿಗೆ ಅಯೋಡಿನ್ ಹನಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕಿತ್ತು. ಮೊದಲು ಬಾಯಿ ಮುಕ್ಕಳಿಸಿರೆಂದು ಎರಡು ಸಲ ಹೇಳಿದ್ದೆ. ಬಸ್ಸಿನಲ್ಲೇ ಜೋಳದ ರೊಟ್ಟಿ ತಿಂದು ಓಡಿಬಂದಿದ್ದ ಹುಡುಗಿಯೊಬ್ಬಳು ಮರೆತಳು. ಅವಳಿಗೆ ಕಂಡದ್ದು ಅಯೋಡಿನ್ ತಾಗಿ ನೀಲಿಗಪ್ಪಾದ ಪಿಷ್ಟದ ಕಣಗಳು. ಅವುಗಳ ಚಿತ್ರವನ್ನೇ ಅಚ್ಚುಕಟ್ಟಾಗಿ ಬರೆದು, ಕೆಳಗೆ ‘ನನ್ನ ಜೀವಕೋಶಗಳು’ ಎಂದು ಹೆಸರಿಟ್ಟಿದ್ದಳು.

“ಇವು ಜೀವಕೋಶ ಅಲ್ಲ, ನೀ ತಿಂದ ರೊಟ್ಟಿ ಐತಿ ನೋಡು,” ಎಂದು ಗದರಿದೆ.

“ಜೀವಕೋಶಾನೂ ರೊಟ್ಟಿ ತಿಂದ ಆಗ್ಯಾವಲ್ರಿ ಸರ?” ಎಂದಳು.

ಬಾಯಿ ಮುಕ್ಕಳಿಸದ್ದಕ್ಕೆ ಅರ್ಧ ಅಂಕ ಕಳೆದೆ. ಆದರೆ ಅವಳು ಒಂದೇ ಮಾತಿನಲ್ಲಿ ಹೇಳಿದ್ದನ್ನು ತಿಳಿಸಿಕೊಡಲು ನನಗೆ ಪ್ರತಿವರ್ಷ ಎರಡು ಅಧ್ಯಾಯ ಬೇಕಾಗುತ್ತವೆ.