ರಜೆ ಅರ್ಜಿ ಓದುತ್ತಿದ್ದ ಅಕ್ಕ

ಮೊದಲೇ ಒಪ್ಪಿಕೊಳ್ಳುತ್ತೇನೆ: ಎಐ ಹೇಳಿದ್ದಕ್ಕೆಲ್ಲ ಕಣ್ಣುಮುಚ್ಚಿ ‘ಒಪ್ಪಿಗೆ’ ಒತ್ತಿದ ಬೆರಳು ನನ್ನದೇ.

ಮಗರಪಟ್ಟಾದ ನಮ್ಮ ಕಚೇರಿಯಲ್ಲಿ ಚಾಲಕರ ರಜೆ ಅರ್ಜಿಗಳನ್ನು ನೋಡುತ್ತಿದ್ದವರು ಧಾರವಾಡದ ಕಡೆಯ ಅಕ್ಕ. ಸಾಲುಸಾಲಿಗೂ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಓದುವರು. ಅವಸರ ಮಾಡಿದರೆ, “ಗಡಿಬಿಡಿ ಯಾಕೋ, ರೈಲ್ ಹೊಂಟದೇನು?” ಅನ್ನುವರು. ಅದನ್ನೇ ಅವರ ದನಿಯಲ್ಲಿ ಅಣಕಿಸಿ ನಾನು ಕ್ಯಾಂಟೀನಿನಲ್ಲಿ ಪುಕ್ಕಟೆ ಚಹಾ ಗಿಟ್ಟಿಸುತ್ತಿದ್ದೆ. ಈ ನಿಧಾನಕ್ಕೆ ರೋಸಿಹೋದ ಸಾಹೇಬರು ಎಐ ತರಿಸಿದರು. ಅರ್ಧ ಗಂಟೆ ತರಬೇತಿ ಕೊಡಿಸಿ ಅದರ ಮುಂದೆ ನನ್ನನ್ನು ಕೂರಿಸಿದರು. ಆ ಅರ್ಧ ಗಂಟೆಯೂ ನಾನು ಕಲಿತದ್ದು ತರಬೇತಿದಾರನ ಕೆಮ್ಮನ್ನು ಅಣಕಿಸುವುದನ್ನು.

ಮೂರನೇ ದಿನ, ಭೋರ್ ಊರಿನ ಚಾಲಕನೊಬ್ಬನ ಸಹಿ ಹಳೆಯ ಸಹಿಗೆ ಹೊಂದುತ್ತಿಲ್ಲ, ಅರ್ಜಿ ನಕಲಿ ಎಂದಿತು ಎಐ. ನಾನು ‘ಒಪ್ಪಿಗೆ’ ಒತ್ತಿದೆ. ಕೆಲಸದಿಂದ ತೆಗೆದ ಪತ್ರ ಹಿಡಿದು ಅವನು ಬಂದಾಗ ಬಲಗೈ ಪ್ಲಾಸ್ಟರಿನಲ್ಲಿತ್ತು. ಅಕ್ಕ ಅರ್ಜಿ ತೆಗೆಸಿ ಗಟ್ಟಿಯಾಗಿ ಓದಿದರು. ಬಲಗೈ ಮುರಿದಿದೆ, ಎಡಗೈಯಲ್ಲಿ ಸಹಿ ಮಾಡಿದ್ದೇನೆ ಎಂದು ಮೊದಲ ಸಾಲಿನಲ್ಲೇ ಇತ್ತು.

ಸಾಹೇಬರು ಹಣೆ ಚಚ್ಚಿಕೊಂಡು, “ಹಾಗಾದ್ರೆ ಈ ಮಷೀನ್ ಬಂದ್ ಮಾಡಿಸ್ಲಾ?” ಎಂದರು.

ಅಕ್ಕ ನನ್ನತ್ತ ಕೈ ತೋರಿಸುತ್ತ ಅಂದರು: “ಮಷೀನ್ ಯಾಕ ಬಂದ್ ಮಾಡ್ತೀರಿ, ಅದು ಸಹಿ ನೋಡ್ಲಿ ಬಿಡ್ರಿ. ಮೊದ್ಲ ಈ ಅಣ್ಣನ್ನ ಕೆಲಸದಿಂದ ತಗದ ಪತ್ರ ಹರೀರಿ, ಆಮ್ಯಾಲ ಈ ಮಂಗ್ಯಾಗ ಓದೂದು ಕಲಸ್ರಿ!”